ಕೊನೆ ಗೊತ್ತಿದ್ದರೂ ನೋಡುವುದು ಯಾಕೆ?

ಟಿವಿಯ ಪ್ರೇಮಕಥೆ, ಅದರ ವ್ಯಾಪಾರ ಮತ್ತು ಅದನ್ನು ನೋಡುವ ನಾವು

ಹುಡುಗಿಗೆ ಹುಡುಗನನ್ನು ಕಂಡರೆ ಆಗುವುದಿಲ್ಲ. ಒಂದು ದಿನ ಮಳೆ ಬರುತ್ತದೆ, ಬಸ್ ತಪ್ಪುತ್ತದೆ, ಅವನು ಸಹಾಯ ಮಾಡುತ್ತಾನೆ. ಅವಳ ಮನಸ್ಸು ಕರಗುತ್ತದೆ. ಅಷ್ಟರಲ್ಲಿ ಅವನು ಮುಚ್ಚಿಟ್ಟಿದ್ದ ಒಂದು ಸುಳ್ಳು ಬಯಲಾಗುತ್ತದೆ. ಇಬ್ಬರೂ ದೂರವಾಗಿ, ಅತ್ತು, ಕೊನೆಗೆ ಚಪ್ಪರದ ಕೆಳಗೆ ಒಂದಾಗುತ್ತಾರೆ. ನಮ್ಮ ಕಾಲೇಜಿನಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಈ ಕಥೆಯನ್ನು ಹೇಳಬಲ್ಲರು. ಆದರೂ ಸಂಜೆ ಏಳೂವರೆಗೆ ಹಲಗೂರಿನ ಯಾವ ಬೀದಿಯಲ್ಲಿ ನಡೆದರೂ ಕಿಟಕಿಯೊಳಗಿನಿಂದ ಇದೇ ಕಥೆ ಕೇಳಿಸುತ್ತದೆ.

"ಎಲ್ಲಾ ಗೊತ್ತಿರೋದೇ, ಏನ್ ನೋಡ್ತೀರಾ?" ಎಂದು ಓದಿದವರು ನೋಡುವವರನ್ನು ಹಂಗಿಸುವುದುಂಟು. ಈ ಪ್ರಶ್ನೆಯನ್ನು ಹಂಗಿಸುವುದಕ್ಕಲ್ಲ, ಉತ್ತರ ಹುಡುಕುವುದಕ್ಕೆ ಕೇಳೋಣ. ನಾನು ವಾಣಿಜ್ಯ ವಿಭಾಗದವಳು. ಒಂದು ಸರಕು ದಿನವೂ ಇಷ್ಟು ಜನಕ್ಕೆ ಬೇಕಾಗುತ್ತಿದೆ ಎಂದರೆ ಅದರ ಹಿಂದೆ ಲೆಕ್ಕ ಇದ್ದೇ ಇರುತ್ತದೆ ಎಂದು ನಮ್ಮ ಪಾಠಗಳೇ ಹೇಳುತ್ತವೆ.

ಟಿವಿಗಾಗಿಯೇ ಮಾಡಿದ ಸಿನಿಮಾ

ಚಿತ್ರಮಂದಿರಕ್ಕೆ ಹೋಗದೆ, ನೇರವಾಗಿ ಟಿವಿಯಲ್ಲೇ ಬರಲೆಂದು ತಯಾರಾಗುವ ಸಿನಿಮಾಗಳಿವೆ. ಅಮೆರಿಕದಲ್ಲಿ ಇದು ದೊಡ್ಡ ಉದ್ಯಮ. ಅಲ್ಲಿ ಇದಕ್ಕೆ ಹೆಸರಾದದ್ದು ಹಾಲ್‌ಮಾರ್ಕ್ ಚಾನೆಲ್. ಹಾಲ್‌ಮಾರ್ಕ್ ಮೂಲತಃ ಶುಭಾಶಯ ಪತ್ರಗಳನ್ನು ಅಚ್ಚು ಹಾಕುವ ಕಂಪನಿ, 1910ರಲ್ಲಿ ಆರಂಭವಾದದ್ದು. ಆ ಹೆಸರಿನ ಚಾನೆಲ್ ಬಂದದ್ದು 2001ರಲ್ಲಿ. 2009ರಿಂದ ಅದು ಪ್ರತಿವರ್ಷ ಕ್ರಿಸ್‌ಮಸ್‌ಗೆ ಮೊದಲಿನ ವಾರಗಳಲ್ಲಿ ಸಾಲುಸಾಲಾಗಿ ಹೊಸ ಪ್ರೇಮಚಿತ್ರಗಳನ್ನು ತೋರಿಸುತ್ತಾ ಬಂದಿದೆ. ಒಂದೊಂದರ ಚಿತ್ರೀಕರಣ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಕಥೆಯಲ್ಲಿ ಊರು ಅಮೆರಿಕದ್ದು, ಆದರೆ ಹೆಚ್ಚಿನವುಗಳ ಚಿತ್ರೀಕರಣ ಖರ್ಚು ಕಡಿಮೆಯೆಂದು ಕೆನಡಾದಲ್ಲಿ.

ಒಂದು ಉದಾಹರಣೆ ನೋಡೋಣ. 2014ರ ನವೆಂಬರ್‌ನಲ್ಲಿ 'ಕ್ರಿಸ್‌ಮಸ್ ಅಂಡರ್ ರ‍್ಯಾಪ್ಸ್' ಎಂಬ ಸಿನಿಮಾ ಬಂತು. ನಗರದ ಯುವ ವೈದ್ಯೆಗೆ ತಾನು ಬಯಸಿದ ದೊಡ್ಡ ಅವಕಾಶ ಕೈತಪ್ಪುತ್ತದೆ. ಅಲಾಸ್ಕಾದ ಒಂದು ಪುಟ್ಟ ಊರಿಗೆ ಕೆಲಸಕ್ಕೆ ಹೋಗಬೇಕಾಗುತ್ತದೆ. ಆ ಊರು ಅವಳಿಗೆ ಮೊದಲು ಹಿಡಿಸುವುದಿಲ್ಲ, ಆಮೇಲೆ ಹಿಡಿಸುತ್ತದೆ. ಊರಿನ ಒಬ್ಬ ಯುವಕನೂ ಹಿಡಿಸುತ್ತಾನೆ. ಆಗ ಕೈತಪ್ಪಿದ್ದ ಅವಕಾಶ ಮತ್ತೆ ಬಾಗಿಲಿಗೆ ಬರುತ್ತದೆ. ಅವಳು ಏನು ಮಾಡಿದಳು ಎಂದು ನಾನು ಹೇಳಬೇಕಾಗಿಲ್ಲ, ನೀವು ಆಗಲೇ ಊಹಿಸಿದ್ದೀರಿ. ಊಹೆ ಸರಿಯಾಗಿದೆ. ಈ ಸಿನಿಮಾವನ್ನು ಸುಮಾರು 58 ಲಕ್ಷ ಜನ ನೋಡಿದರು. ಆ ಚಾನೆಲ್‌ಗೆ ಅಲ್ಲಿಯವರೆಗೆ ಅಷ್ಟು ನೋಡುಗರು ಬೇರೆ ಯಾವ ಸಿನಿಮಾಕ್ಕೂ ಸಿಕ್ಕಿರಲಿಲ್ಲ. ಅಂದರೆ ಅಷ್ಟೂ ಜನ ಕೊನೆ ಗೊತ್ತಿದ್ದೇ ಕೂತಿದ್ದರು.

ನಮ್ಮಲ್ಲಿ ಅದರ ರೂಪ

ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಧಾರಾವಾಹಿ. ದಿನಕ್ಕೆ ಅರ್ಧ ಗಂಟೆ ಕಥೆ ನಡೆಯುತ್ತದೆ. ಮದುವೆಯೋ ನಿಶ್ಚಿತಾರ್ಥವೋ ಬಂದಾಗ ಅದು 'ಮಹಾಸಂಚಿಕೆ'ಯಾಗಿ ಹಿಗ್ಗುತ್ತದೆ. ಒಂದು ವಾರದಿಂದ ಜಾಹೀರಾತು ಬರುತ್ತದೆ, ಮನೆಯವರೆಲ್ಲ ಅವತ್ತು ಅಡುಗೆ ಬೇಗ ಮುಗಿಸುತ್ತಾರೆ. ಮನೆಯಲ್ಲೇ ಕೂತು ನೋಡುವ ಸಿನಿಮಾದಂತೆಯೇ ಅದು.

ನಮ್ಮ ಕಡೆ ಹೆಚ್ಚು ಮಾತಾದ ಕಥೆ 'ಪುಟ್ಟಕ್ಕನ ಮಕ್ಕಳು'. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. ಗಂಡು ಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಪುಟ್ಟಕ್ಕನಾಗಿ ಉಮಾಶ್ರೀ. ನಡುವಿನ ಮಗಳು ಸ್ನೇಹಾಗೆ ಓದಿ ದೊಡ್ಡ ಅಧಿಕಾರಿಯಾಗುವ ಆಸೆ. ಬಡ್ಡಿ ವ್ಯವಹಾರದ ಬಂಗಾರಮ್ಮನ ಮಗ ಕಂಠಿಗೆ ಅವಳ ಮೇಲೆ ಪ್ರೀತಿ. ಇದು ಪೂರ್ತಿ ನಮ್ಮಲ್ಲೇ ಹುಟ್ಟಿದ ಕಥೆಯೂ ಅಲ್ಲ, ತೆಲುಗಿನ 'ರಾಧಮ್ಮ ಕೂತುರು' ಧಾರಾವಾಹಿಯನ್ನು ಆಧರಿಸಿದ್ದು. ಒಂದು ಊರಿನಲ್ಲಿ ಗೆದ್ದ ಅಚ್ಚನ್ನು ಇನ್ನೊಂದು ಊರಿಗೆ ತಂದು, ಅಲ್ಲಿನ ಮಾತು, ಊಟ, ಉಡುಗೆ ತೊಡಿಸಿದರು.

ಊಹಿಸಬಹುದಾದ ಕಥೆಯ ಲೆಕ್ಕ

ಇಲ್ಲಿ ವಾಣಿಜ್ಯದ ಮೂರು ಮಾತುಗಳು ಸಹಾಯಕ್ಕೆ ಬರುತ್ತವೆ.

ಮೊದಲನೆಯದು, ಗ್ರಾಹಕ ಯಾರು? ಚಿತ್ರಮಂದಿರದಲ್ಲಿ ನಾವು ಮೊದಲೇ ಟಿಕೆಟ್ ಕೊಂಡಿರುತ್ತೇವೆ. ಸಿನಿಮಾ ಹಿಡಿಸದಿದ್ದರೂ ಕೊಟ್ಟ ದುಡ್ಡು ಕೊಟ್ಟದ್ದೇ. ಟಿವಿಯ ದೊಡ್ಡ ಆದಾಯ ಜಾಹೀರಾತಿನದು. ಅಲ್ಲಿ ದುಡ್ಡು ಕೊಡುವವನು ಸೋಪು, ಮಸಾಲೆಪುಡಿ, ಚಿನ್ನ ಮಾರುವವನು. ಅವನಿಗೆ ಚಾನೆಲ್ ಮಾರುವುದು ನಮ್ಮ ಗಮನವನ್ನು. ನಿಯಮದ ಪ್ರಕಾರ ಒಂದು ಗಂಟೆಯಲ್ಲಿ ಜಾಹೀರಾತು ಮತ್ತು ಚಾನೆಲ್‌ನ ಸ್ವಂತ ಪ್ರಚಾರ ಸೇರಿ 12 ನಿಮಿಷ ಮೀರಬಾರದು. ಆ ನಿಮಿಷಗಳ ಬೆಲೆ ನಿಲ್ಲುವುದು ಟಿಆರ್‌ಪಿ ಮೇಲೆ. ದೇಶದಲ್ಲಿ ಆಯ್ದ ಸಾವಿರಾರು ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಏನು ನೋಡಿದರು ಎಂದು ಬಾರ್ಕ್ ಸಂಸ್ಥೆ ಅಳೆಯುತ್ತದೆ. ನಮ್ಮ ಕೈಯಲ್ಲಿ ರಿಮೋಟ್ ಇದೆ, ಒಂದು ಗುಂಡಿ ಒತ್ತಿದರೆ ಗಿರಾಕಿ ಹೋದ ಹಾಗೆ. ಹೀಗಿರುವಾಗ ನೋಡುಗರನ್ನು ಗಾಬರಿಪಡಿಸುವ, ಗೊಂದಲಕ್ಕೆ ತಳ್ಳುವ ಕಥೆಯನ್ನು ಟಿವಿ ಯಾಕೆ ಮಾಡೀತು?

'ಮುಂಗಾರು ಮಳೆ'ಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2006ರ ಡಿಸೆಂಬರ್ 29ರಂದು ತೆರೆಕಂಡ ಈ ಚಿತ್ರದಲ್ಲಿ ನಾಯಕ ನಾಯಕಿಯನ್ನು ಮದುವೆಯಾಗುವುದಿಲ್ಲ, ಬಿಟ್ಟುಕೊಡುತ್ತಾನೆ. ಆದರೂ ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು. ಜನ ಹೊಸ ಕೊನೆಯನ್ನು ಒಪ್ಪುವುದಿಲ್ಲ ಎನ್ನುವುದು ಹಾಗಾದರೆ ಸುಳ್ಳು. ಒಪ್ಪುತ್ತಾರೋ ಇಲ್ಲವೋ ಎಂಬ ನಷ್ಟದ ಭಯವನ್ನು ಟಿವಿ ಹೊರುವುದಿಲ್ಲ, ಅಷ್ಟೇ.

ಎರಡನೆಯದು, ಬ್ರಾಂಡ್. ಮದ್ದೂರಿನಲ್ಲಿ ವಡೆ ಕೊಳ್ಳುವವನು ಹೊಸ ರುಚಿ ಹುಡುಕುವುದಿಲ್ಲ. ಹೋದ ಸಲದ ರುಚಿಯೇ ಬೇಕು. ಈರುಳ್ಳಿ ಸ್ವಲ್ಪ ಕಡಿಮೆಯಾದರೂ "ಇದು ಮದ್ದೂರ್ ವಡೆ ಅಲ್ಲ ಕಣಪ್ಪ" ಎನ್ನುತ್ತಾನೆ. ಬ್ರಾಂಡ್ ಎಂದರೆ ಕೊಟ್ಟ ಮಾತು. ಊಹಿಸಬಹುದಾದ ಪ್ರೇಮಕಥೆಯೂ ನೋಡುಗರಿಗೆ ಒಂದು ಮಾತು ಕೊಡುತ್ತದೆ: ನಡುವೆ ಎಷ್ಟೇ ಅಳಿಸಿದರೂ ಕೊನೆಗೆ ನಿಮ್ಮನ್ನು ಕೈಬಿಡುವುದಿಲ್ಲ.

ಮೂರನೆಯದು, ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಒಂದೇ ಸರಕನ್ನು ಮೇಲಿಂದ ಮೇಲೆ ಬಳಸಿದರೆ ಪ್ರತಿ ಘಟಕದಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಿದ್ದರೆ ಒಂದೇ ಕಥೆ ಯಾಕೆ ಸಾಕಾಗುವುದಿಲ್ಲ? ನಿಯಮದ ಷರತ್ತನ್ನು ನೋಡಿ: ಬಳಕೆ ಬಿಡುವಿಲ್ಲದೆ ನಡೆಯಬೇಕು. ಹಾಲ್‌ಮಾರ್ಕ್ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಡಿಸುತ್ತದೆ. ಧಾರಾವಾಹಿ ದಿನಕ್ಕೆ ಅರ್ಧ ಗಂಟೆ ಬಡಿಸಿ, ಕಣ್ಣು ಅಗಲ ಮಾಡಿದ ಒಂದು ಮುಖದ ಮೇಲೆ ನಿಲ್ಲಿಸಿಬಿಡುತ್ತದೆ. ಮರುದಿನ ಅದೇ ಹೊತ್ತಿಗೆ ಹಸಿವು ಮತ್ತೆ ಹೊಸದು. ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಯಲ್ಲಿ ಕಂಡದ್ದು

ಲೆಕ್ಕದಲ್ಲಿ ಸಿಗದ ಒಂದು ಲಾಭವೂ ಇದೆ. ಅದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ನಮ್ಮ ಮನೆಮಾತು ಉರ್ದು. ಅಮ್ಮಿ ತಮಿಳುನಾಡಿನ ವಾಣಿಯಂಬಾಡಿಯವರು. ಮದುವೆಯಾಗಿ ಹಲಗೂರಿಗೆ ಬಂದಾಗ ಅವರಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ಅಂಗಡಿ, ಆಸ್ಪತ್ರೆ, ಪಂಚಾಯಿತಿ ಎಲ್ಲಕ್ಕೂ ಅಬ್ಬಾ ಜೊತೆಗೆ ಹೋಗಬೇಕಿತ್ತು. ಅಮ್ಮಿಗೆ ಕನ್ನಡ ಕಲಿಸಿದ್ದು ಶಾಲೆಯಲ್ಲ, ಧಾರಾವಾಹಿ. ಕಥೆ ಊಹಿಸಬಹುದಾದದ್ದು ಆಗಿದ್ದರಿಂದಲೇ ಅದು ಸಾಧ್ಯವಾಯಿತು. ಅತ್ತೆ ಈಗ ಬೈಯುತ್ತಾಳೆ ಎಂದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಯಾವ ಮಾತಿನಲ್ಲಿ ಬೈಯುತ್ತಾಳೆ ಎಂಬುದು ಮಾತ್ರ. ಕಥೆಯನ್ನು ಹಿಂಬಾಲಿಸುವ ಕಷ್ಟವಿಲ್ಲದಾಗ ಗಮನವೆಲ್ಲ ಮಾತಿನ ಕಡೆಗೆ ಹೋಗುತ್ತದೆ. 'ಸೊಸೆ', 'ಋಣ', 'ಮರ್ಯಾದೆ', 'ಸೇಡು' ಹೀಗೆ ಒಂದೊಂದೇ ಪದ ಮನೆಗೆ ಬಂತು. ಒಮ್ಮೆ ತರಕಾರಿಯವರು ಕೊಳೆತ ಟೊಮೆಟೊ ಹಾಕಿದಾಗ ಅಮ್ಮಿ ಸೆರಗು ಸರಿಮಾಡಿಕೊಂಡು, "ಇದರ ಪರಿಣಾಮ ನೆಟ್ಟಗಿರಲ್ಲ" ಎಂದರು. ತರಕಾರಿಯವರು ನಕ್ಕು ಎರಡು ಹೆಚ್ಚಿಗೆ ಹಾಕಿದರು. ಈಗ ಅಮ್ಮಿ ಬ್ಯಾಂಕಿಗೆ ಒಬ್ಬರೇ ಹೋಗುತ್ತಾರೆ.

ದಾದಿಯದು ಬೇರೆ ಲೆಕ್ಕ. ಅವರು ಪಂದ್ಯದ ವೀಕ್ಷಕ ವಿವರಣೆ ಕೊಡುವವರಂತೆ ಮುಂದಿನ ದೃಶ್ಯವನ್ನು ಮೊದಲೇ ಹೇಳುತ್ತಾರೆ. "ದೇಖ್, ಅಬ್ ಬಿಜ್ಲಿ ಕಡಕ್ತೀ" ಎನ್ನುತ್ತಾರೆ, ಟಿವಿಯಲ್ಲಿ ಮಿಂಚು ಹೊಡೆದೇ ಹೊಡೆಯುತ್ತದೆ. ಆಗ ಅವರ ಮುಖ ನೋಡಬೇಕು. ಮನೆಯಲ್ಲಿ ಅವರ ಮಾತು ಕೇಳುವವರು ಕಡಿಮೆ. ಟಿವಿ ಮಾತ್ರ ಅವರು ಹೇಳಿದಂತೆ ನಡೆಯುತ್ತದೆ.

ಇಶಾ ಅಜಾನ್ ಆಗುವಾಗ ನಮ್ಮ ಮನೆಯಲ್ಲಿ ಟಿವಿಯ ಸದ್ದು ನಿಲ್ಲಿಸುತ್ತೇವೆ. ಕೆಲವು ತಿಂಗಳು ಅದು ಸರಿಯಾಗಿ ಧಾರಾವಾಹಿಯ ನಡುವೆ ಬರುತ್ತದೆ. ಆ ನಿಮಿಷಗಳಲ್ಲಿ ತೆರೆಯ ಮೇಲೆ ಬಾಯಿ ಮಾತ್ರ ಆಡುತ್ತಿರುತ್ತದೆ. ಅಜಾನ್ ಮುಗಿದು ಸದ್ದು ಬಂದಾಗ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಯಾರಿಗೂ ಏನೂ ತಪ್ಪಿರುವುದಿಲ್ಲ.

ಮಾತು ಮುರಿದಾಗ

ಆದರೆ 2024ರ ಕೊನೆಯ ಹೊತ್ತಿಗೆ 'ಪುಟ್ಟಕ್ಕನ ಮಕ್ಕಳು' ಯಾರೂ ಊಹಿಸದ್ದನ್ನು ಮಾಡಿತು. ಓದಿ ಅಧಿಕಾರಿಯಾಗಿದ್ದ ಸ್ನೇಹಾ ಪಾತ್ರ ಸತ್ತುಹೋಯಿತು. ಆ ಪಾತ್ರ ಮಾಡುತ್ತಿದ್ದ ನಟಿ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರಬಂದಿದ್ದರು. ನೋಡುಗರಿಗೆ ಸಿಟ್ಟು ಬಂತು. ಬ್ರಾಂಡ್ ಎಂದರೆ ಕೊಟ್ಟ ಮಾತು ಎಂದೆನಲ್ಲ, ಸಿಟ್ಟಿನ ಮೂಲ ಅಲ್ಲೇ ಇದೆ.

ನಮ್ಮ ಮನೆಯಲ್ಲಿ ಅವತ್ತು ಆದ ಮಾತು ಬೇರೆ. ಕಂಠಿ ಒಂಟಿಯಾದ ಎಂದು ದಾದಿ ಅಳಲಿಲ್ಲ. "ಇಷ್ಟು ಓದಿ ಮೇಲೆ ಬಂದ ಹುಡುಗಿಯನ್ನೇ ಕೊಂದುಬಿಟ್ಟರಲ್ಲ" ಎಂದರು. ಆ ಮಾತು ನನ್ನನ್ನು ಬಹಳ ದಿನ ಯೋಚಿಸುವಂತೆ ಮಾಡಿತು. ನಾವೆಲ್ಲ ಇದನ್ನು ಪ್ರೇಮಕಥೆ ಎಂದುಕೊಂಡಿದ್ದೆವು. ಶಾಲೆಯ ಮುಖ ಸರಿಯಾಗಿ ನೋಡದ ದಾದಿ ಮಾತ್ರ ಅಷ್ಟು ದಿನವೂ ಒಬ್ಬ ಹುಡುಗಿಯ ಓದಿನ ಕಥೆಯನ್ನು ನೋಡುತ್ತಿದ್ದರು.

ಅಂದರೆ ನೋಡುಗರು ಪೆದ್ದರಲ್ಲ. ಕೊಟ್ಟ ಕಥೆಯೊಳಗಿನಿಂದ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಅಮ್ಮಿ ಮಾತನ್ನು ಆರಿಸಿಕೊಂಡರು, ದಾದಿ ಓದನ್ನು. ಈ ಪಾಠದಲ್ಲಿ ನಾನು ಹೇಳಬೇಕಾಗಿದ್ದ ಮುಖ್ಯ ಸಂಗತಿ ಇದೇ.

ಗುಲಾಬಿಯ ಟಿವಿ

ಇಲ್ಲಿ ಇನ್ನೊಂದು ಸಿನಿಮಾವನ್ನು ನೆನೆಯಬೇಕು. ಲಕ್ಷಾಂತರ ಮನೆಗಳಿಗೆ ಪುಟ್ಟಕ್ಕನಾಗಿ ಬಂದ ಉಮಾಶ್ರೀ ಅದಕ್ಕೂ ಹಿಂದೆ, 2008ರ 'ಗುಲಾಬಿ ಟಾಕೀಸ್' ಚಿತ್ರದಲ್ಲಿ ಟಿವಿ ನೋಡುವವಳ ಪಾತ್ರ ಮಾಡಿದ್ದರು. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಿತ್ರ. ಇದರ ಅಭಿನಯಕ್ಕೆ ಉಮಾಶ್ರೀಯವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ಊರಿನ ಮುಸ್ಲಿಂ ಸೂಲಗಿತ್ತಿ. ಗಂಡ ಎರಡನೆಯ ಹೆಂಡತಿಯ ಜೊತೆ ಬೇರೆ ಇದ್ದಾನೆ. ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರು ಅವಳಿಗೆ ಬಣ್ಣದ ಟಿವಿಯನ್ನೂ ಡಿಶ್ಶನ್ನೂ ಕೊಡಿಸುತ್ತಾರೆ. ಅದುವರೆಗೆ ಅವಳ ಹೊಸ್ತಿಲು ದಾಟದಿದ್ದ ಊರಿನ ಹೆಂಗಸರು ಟಿವಿ ನೋಡಲು ಬಂದು ಕೂರುತ್ತಾರೆ. ಅಕ್ಕಪಕ್ಕ ಕೂತವರು ಕಷ್ಟಸುಖ ಮಾತಾಡುತ್ತಾರೆ. ಕಾಲ 1999, ಕಾರ್ಗಿಲ್ ಯುದ್ಧದ ದಿನಗಳು. ಅದೇ ಟಿವಿಯಲ್ಲಿ ಯುದ್ಧದ ಸುದ್ದಿ ಬರುತ್ತದೆ. ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಬರುತ್ತದೆ. ನೇತ್ರು ಎಂಬ ಹುಡುಗಿ ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ ಬರುತ್ತದೆ. ಕೊನೆಗೆ ಅವಳು ಊರನ್ನೇ ಬಿಡಬೇಕಾಗುತ್ತದೆ.

ಇದು ಊಹಿಸಬಹುದಾದ ಕಥೆಯಲ್ಲ, ಸಮಾಧಾನ ಮಾಡುವ ಕಥೆಯೂ ಅಲ್ಲ. ಆದರೆ ಧಾರಾವಾಹಿ ನೋಡುವವರ ಬಗ್ಗೆ ಇಷ್ಟು ಗೌರವದಿಂದ ಹೇಳಿದ ಬೇರೆ ಚಿತ್ರವನ್ನು ನಾನು ನೋಡಿಲ್ಲ. ಒಂದು ಸಾಮಾನ್ಯ ಸಿನಿಮಾವೂ ಹೆಂಗಸರನ್ನು ಒಂದೇ ಚಾಪೆಯ ಮೇಲೆ ಕೂರಿಸಬಲ್ಲದು ಎಂದು ಅದು ತೋರಿಸುತ್ತದೆ. ಹಾಗೆ ಕೂತದ್ದು ಉಳಿಯಬೇಕಾದರೆ ಟಿವಿ ಒಂದೇ ಸಾಲದು ಎಂದೂ ತೋರಿಸುತ್ತದೆ. ನಮ್ಮ ಎದುರುಮನೆಯ ಅಕ್ಕ ಕರೆಂಟ್ ಹೋದಾಗ ನಮ್ಮ ಮನೆಗೆ ಬರುತ್ತಾರೆ, ನಮ್ಮಲ್ಲಿ ಯುಪಿಎಸ್ ಇದೆ. ಅಮ್ಮಿಗೆ ತಿಳಿಯದ ಪದದ ಅರ್ಥ ಹೇಳುವವರು ಅವರೇ. ಧಾರಾವಾಹಿ ಮುಗಿದ ಮೇಲೂ ಒಂದು ಲೋಟ ಟೀ ಆಗುವವರೆಗೆ ಕೂತಿರುತ್ತಾರೆ. ಆ ಟೀ ಹೊತ್ತು ಯಾವ ಚಾನೆಲ್‌ನ ಲೆಕ್ಕದಲ್ಲೂ ಇಲ್ಲ.

ಕಥೆ ಬಿಟ್ಟುಬಿಡುವುದು

ಊಹಿಸಬಹುದಾದ ಕಥೆಯ ಗುಣಗಳನ್ನು ಹೇಳಿದೆ. ದೋಷವನ್ನೂ ಹೇಳಬೇಕು. ಕೊನೆ ಗೊತ್ತಿರುವುದು ದೋಷವಲ್ಲ. ಪ್ರತಿಸಲವೂ ಅದೇ ಕೊನೆ ಬಂದು, ಬದುಕಿಗೂ ಅದೊಂದೇ ಕೊನೆ ಎಂಬಂತೆ ಕಾಣತೊಡಗುವುದು ದೋಷ.

ಟಿವಿಯ ಪುಟ್ಟ ಊರಿನಲ್ಲಿ ಎಲ್ಲರ ಮನೆಮಾತೂ ಒಂದೇ. ನಮ್ಮ ಊರಿನಲ್ಲಿ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡವೂ ಉರ್ದುವೂ ಕೇಳುತ್ತವೆ. ಟಿವಿಯ ಊರಿನಲ್ಲಿ ರೇಷ್ಮೆಹುಳುವಿಗೆ ರೋಗ ಬರುವುದಿಲ್ಲ, ಗೂಡಿನ ರೇಟು ಬೀಳುವುದಿಲ್ಲ, ಕಬ್ಬಿನ ಬಿಲ್ ಬಾಕಿ ಇರುವುದಿಲ್ಲ. ಅಲ್ಲಿನ ಸಾಲಕ್ಕೂ ಒಬ್ಬ ಖಳನ ಮುಖ ಇರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಮಾತು ಹೆಣ್ಣುಮಕ್ಕಳದು. ಅಲಾಸ್ಕಾದ ವೈದ್ಯೆಯ ಮುಂದೆ ಕೆಲಸ, ಪ್ರೀತಿ ಎರಡನ್ನೂ ಇಟ್ಟು ಒಂದನ್ನು ಆರಿಸಿಕೋ ಎಂದರು. ಯುವಕನ ಮುಂದೆ ಅಂಥ ಪ್ರಶ್ನೆಯನ್ನೇ ಇಡಲಿಲ್ಲ. ಕಥೆ ಮದುವೆಗೆ ಮುಗಿಯುತ್ತದೆ, ಇಲ್ಲವೇ ಮದುವೆಯಾದ ಮೇಲೆ ಅಡುಗೆಮನೆಯ ಜಗಳಕ್ಕೆ ತಿರುಗುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಮಹಾಸಂಚಿಕೆ ಮಾಡಿದ್ದನ್ನು ನಾನಂತೂ ನೋಡಿಲ್ಲ.

ನಮಗೆ ಇದು ಬರೀ ಟಿವಿಯ ವಿಷಯವಲ್ಲ. ಪ್ರಥಮ ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಲೆಕ್ಕಶಾಸ್ತ್ರದಲ್ಲಿ ನನಗಿಂತ ಜಾಣೆ, ಈ ವರ್ಷ ಬರಲಿಲ್ಲ. ಮಂಗ್ನಿ ಆಯಿತು, ಓದು ನಿಂತಿತು. ಮನೆಯವರು ಕೆಟ್ಟವರಲ್ಲ. ಮಗಳ ಕಥೆ ಚೆನ್ನಾಗಿ ಮುಗಿಯಲಿ ಎಂದು ಬಯಸಿದವರೇ. ಚೆನ್ನಾಗಿ ಮುಗಿಯುವುದು ಎಂದರೆ ಹೇಗೆ ಎಂಬುದಕ್ಕೆ ಅವರ ಮುಂದೆ ಇರುವ ಮಾದರಿ ಒಂದೇ.

ಅದೇ ಟಿವಿಯಿಂದ ಇನ್ನೊಂದು ಪ್ರಶ್ನೆಯೂ ಹುಟ್ಟಬಹುದು. ಸ್ನೇಹಾಳ ಕಥೆ ನೋಡಿ ಅಮ್ಮಿ ಒಂದು ರಾತ್ರಿ ನನ್ನನ್ನು ಕೇಳಿದರು, "ಡಿಸಿ ಆಗಬೇಕೆಂದರೆ ಸೈನ್ಸೇ ಓದಬೇಕಾ?" ಬೇಕಾಗಿಲ್ಲ ಎಂದೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು, ಬಿಕಾಂ ಕೂಡ ಆಗುತ್ತದೆ. ಕನಿಷ್ಠ ವಯಸ್ಸು 21. ವಾಣಿಜ್ಯ ಮತ್ತು ಲೆಕ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿಯೂ ತೆಗೆದುಕೊಳ್ಳಬಹುದು. ಅಮ್ಮಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದರೆ ಇನ್ನೂ ನಾಲ್ಕು ವರ್ಷ" ಎಂದರು. ಆ ನಾಲ್ಕು ವರ್ಷಗಳನ್ನು ಅಮ್ಮಿ ತಮ್ಮ ಬಾಯಿಂದಲೇ ಹೇಳಿದ್ದು ನನಗೆ ಸಾಕಾಯಿತು.

ಮಾಡಿ ನೋಡಿ

ಈ ವಾರ ಮನೆಯವರ ಜೊತೆ ಕೂತು ಯಾವುದಾದರೂ ಒಂದು ಸಂಚಿಕೆಯನ್ನು ನೋಡಿ. ನಗಬೇಡಿ, ಎದ್ದು ಹೋಗಬೇಡಿ. ಒಂದು ಹಾಳೆಯ ಮೇಲೆ ಇವಿಷ್ಟನ್ನು ಬರೆದುಕೊಳ್ಳಿ.

1. ಐದು ನಿಮಿಷ ಸದ್ದು ನಿಲ್ಲಿಸಿ. ಕಥೆ ಎಷ್ಟು ಅರ್ಥವಾಯಿತು?

2. ಯಾವ ಯಾವ ಸರಕಿನ ಜಾಹೀರಾತು ಬಂತು? ಅವುಗಳಿಂದ ಈ ಕಥೆಯನ್ನು ಯಾರು ನೋಡುತ್ತಾರೆಂದು ಚಾನೆಲ್ ನಂಬಿದೆ ಎಂದು ಹೇಳಬಲ್ಲಿರಾ?

3. ಕಥೆಯಲ್ಲಿ ಯಾರಾದರೂ ಓದುತ್ತಿದ್ದಾರೆಯೇ? ಅವರ ಓದು ಈಗ ಎಲ್ಲಿಗೆ ಬಂದಿದೆ?

4. ನಮ್ಮ ಊರಿನಲ್ಲಿ ಇದ್ದು ಆ ಊರಿನಲ್ಲಿ ಇಲ್ಲದ ಮೂರು ಸಂಗತಿ ಯಾವುವು?

5. ಕೊನೆಯದಾಗಿ, ಪಕ್ಕದಲ್ಲಿ ಕೂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: "ಇದರಲ್ಲಿ ನಿಮಗೆ ಯಾರು ಇಷ್ಟ, ಯಾಕೆ?"

ಮೊದಲ ನಾಲ್ಕಕ್ಕೆ ನೀವು ಊಹಿಸಿದ ಉತ್ತರವೇ ಬರಬಹುದು. ಐದನೆಯದಕ್ಕೆ ಏನು ಬರುತ್ತದೆಂದು ನಾನು ಹೇಳಲಾರೆ. ಕೇಳಿಯೇ ತಿಳಿಯಬೇಕು.